ಬಾಂಬೆ ಸ್ಟ್ರೀಟಿನ ಹಿತ್ತಲು

ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ ಮಳೆಗೆ ಅವಸರವೇ ಇಲ್ಲ. ನಮ್ಮ ಮಲೆನಾಡಿನ ಸೋನೆಯ ಹಾಗೆ, ಬಂತೋ ನಿಂತಿತೋ ಗೊತ್ತಾಗದಂತೆ ಬೆಳಗಿನಿಂದ ಜಿನುಗುತ್ತಲೇ ಇದೆ. ಕೆಂಪು ಇಟ್ಟಿಗೆಯ ಸಾಲುಮನೆಗಳು ನೆಂದು ಇನ್ನಷ್ಟು ಕೆಂಪಾಗಿವೆ. ಮೂಲೆಯ ಅಂಗಡಿಯಿಂದ ಕರಿದ ಮೀನು, ಆಲೂಗಡ್ಡೆ, ಮೇಲೆ ಚಿಮುಕಿಸಿದ ವಿನೆಗರ್ ಎಲ್ಲ ಬೆರೆತ ಹುಳಿಹುಳಿ ವಾಸನೆ ತೇಲಿ ಬರುತ್ತದೆ. ಬೀದಿಯ ಕೊನೆಯ ಮನೆಯ ಪಕ್ಕದ ಗೋಡೆ, ಕಿಟಕಿಯಿಲ್ಲದೆ ಬೋಳಾಗಿ ಮೇಲಕ್ಕೆ ಹೋಗಿ ಮೂರುಮೂಲೆಯಾಗಿ ಚೂಪಾಗುವ ಗೋಡೆ. ಅದಕ್ಕೆ ಕಬ್ಬಿಣದ ಕೊಳವೆಗಳ ಸಾರವೆ ಕಟ್ಟಿದ್ದಾರೆ. ಮೇಲೆ ಇಬ್ಬರು ನಿಂತು ತಂತಿಬ್ರಷ್ಷಿನಿಂದ ಹಳೆಯ ಬಣ್ಣದ ಹಕ್ಕಳೆ ಕೆರೆಯುತ್ತಿದ್ದಾರೆ. ಕರಕರ ಸದ್ದಿನ ಜೊತೆಗೆ ಯಾರದೋ ಮೂಗು, ಯಾವುದೋ ಬಾವುಟದ ತುದಿ, ಒಂದು ಇಸವಿಯ ಕೊನೆಯ ಎರಡು ಅಂಕಿ ಪುಡಿಪುಡಿಯಾಗಿ ಫುಟ್‌ಪಾತಿನ ಮೇಲೆ ಉದುರುತ್ತವೆ.

ಕೆರೆದಾದ ಮೇಲೆ ಬಿಳಿ ಪ್ರೈಮರ್. ಅದು ಹಿಡಿಯಬೇಕಾದರೆ ಒಂದು ಒಣ ದಿನ ಸಿಗಬೇಕು, ಈ ಊರಲ್ಲಿ ಕಷ್ಟದ ಕೆಲಸವೆಂದರೆ ಅದೇ. ಆಮೇಲೆ ಕೈಯಲ್ಲಿರುವ ಕಾಗದದ ಚಿತ್ರದ ಮೇಲೆ ಸಣ್ಣ ಚೌಕಗಳನ್ನು ಎಳೆದು, ಅಷ್ಟೇ ಚೌಕಗಳನ್ನು ಗೋಡೆಯ ಮೇಲೆ ಆಳೆತ್ತರಕ್ಕೆ ಎಳೆದು, ಒಂದೊಂದನ್ನೇ ತುಂಬುತ್ತ ಹೋಗುವುದು. ಹಿಂದೆ ನಮ್ಮಲ್ಲಿ ಸಿನಿಮಾ ಬ್ಯಾನರ್ ಬರೆಯುತ್ತಿದ್ದವರ ಉಪಾಯವೂ ಇದೇ ಆಗಿತ್ತು. ಗೋಡೆಗೆ ಹತ್ತಿರ ನಿಂತವರಿಗೆ ಬರೀ ಕಂದುಕಲೆ. ರಸ್ತೆ ದಾಟಿ ನಿಂತವರಿಗೆ ಅದೊಂದು ಕೆನ್ನೆ. ಹಾಗಾಗಿ ಬರೆಯುವವನು ಆಗಾಗ ಏಣಿ ಇಳಿದು ಬೀದಿಯಾಚೆ ಹೋಗಿ, ಕಣ್ಣು ಕಿರಿದು ಮಾಡಿ ನೋಡಿ, ಮತ್ತೆ ಹತ್ತುತ್ತಾನೆ. ನಾಯಿ ಹಿಡಿದುಕೊಂಡು ವಾಕಿಂಗ್ ಹೊರಟವರು ನಿಂತು ಮೂಗಿನ ಉದ್ದದ ಬಗ್ಗೆ, ತಲೆಗೂದಲಿನ ಬಣ್ಣದ ಬಗ್ಗೆ ಒಂದು ಮಾತು ಸೇರಿಸುತ್ತಾರೆ. ಅವರಿಗೆ ಆ ಹಕ್ಕಿದೆ. ಗೋಡೆಯ ಮೇಲೆ ಏಳುತ್ತಿರುವವನು ಎಷ್ಟೋ ಸಲ ಅದೇ ಬೀದಿಯಲ್ಲಿ ಆಡಿ ಬೆಳೆದ ಹುಡುಗನೇ ಆಗಿರುತ್ತಾನೆ.

ಮಳೆಗೆ ಸಿಕ್ಕಿದ ಬಣ್ಣ ಕೆಲವೇ ವರ್ಷದಲ್ಲಿ ಮಂಕಾಗುತ್ತದೆ. ಮತ್ತೆ ಬಳಿಯದಿದ್ದರೆ ಹೋಯಿತು. ಇಲ್ಲಿ ನೆನಪೆಂಬುದು ಚಂದಾ ಎತ್ತಿ, ಏಣಿ ತಂದು, ಡಬ್ಬ ಕಲಸಿ ಮಾಡುವ ಕೆಲಸ. ಯಾರನ್ನು ಮತ್ತೆ ಬರೆಯಬೇಕು, ಯಾರ ಮುಖ ಮಾಸಿ ಹೋದರೂ ಸರಿ ಎಂದು ಬೀದಿಯಲ್ಲಿ ಯಾರೋ ತೀರ್ಮಾನ ಮಾಡಿರುತ್ತಾರೆ. ಈಚೆಗೆ ಕೆಲವೆಡೆ ಚಿತ್ರವನ್ನು ಲೋಹದ ಹಲಗೆಯ ಮೇಲೆ ಮುದ್ರಿಸಿ ತಂದು ಬೋಲ್ಟು ಹಾಕಿ ನಿಲ್ಲಿಸುತ್ತಾರೆ. ಅದು ಮಾಸುವುದಿಲ್ಲ ನಿಜ. ಆದರೆ ಅದರ ಮುಂದೆ ನಿಂತು ಮೂಗಿನ ಉದ್ದ ತಿದ್ದಲು ಯಾರಿಗೂ ಆಗುವುದಿಲ್ಲ.

ಬನ್ನಿ, ಊರಿನ ಪಶ್ಚಿಮಕ್ಕೆ ನಡೆಯೋಣ. ಪೇಟೆಯಿಂದ ಹೊರಟ ಎರಡು ರಸ್ತೆಗಳು ಕೆಲವು ನೂರು ಮೀಟರ್ ಅಂತರದಲ್ಲಿ ಹೆಚ್ಚುಕಡಿಮೆ ಜೊತೆಜೊತೆಯಾಗಿ ಏರುತ್ತವೆ. ಒಂದು ಫಾಲ್ಸ್ ರೋಡ್, ಇನ್ನೊಂದು ಶಾಂಕಿಲ್ ರೋಡ್. ಫಾಲ್ಸಿನವರು ಕ್ಯಾಥೊಲಿಕರು, ಇಡೀ ಐರ್ಲೆಂಡ್ ಒಂದಾಗಬೇಕು ಎನ್ನುವವರು. ಶಾಂಕಿಲ್‌ನವರು ಪ್ರೊಟೆಸ್ಟೆಂಟರು, ಬ್ರಿಟನ್ನಿನ ಜೊತೆಗೇ ಇರುತ್ತೇವೆ ಎನ್ನುವವರು. ಎರಡೂ ಕಡೆಯವರ ಅಜ್ಜಿಯರು ಒಂದೇ ಕಾಲದಲ್ಲಿ ನಾರುಬಟ್ಟೆಯ ಗಿರಣಿಗಳಲ್ಲಿ ದುಡಿದವರು, ಒಂದೇ ಬಗೆಯ ಪುಟ್ಟ ಮನೆಗಳಲ್ಲಿ ಬಾಳಿದವರು. ಯಾರ ಬೀದಿಯಲ್ಲಿದ್ದೇವೆ ಎಂದು ತಿಳಿಯಲು ಕಾಲ ಕೆಳಗೆ ನೋಡಿದರೂ ಸಾಕು. ಅಂಚುಕಲ್ಲುಗಳಿಗೆ ಕೆಂಪು-ಬಿಳಿ-ನೀಲಿ ಬಳಿದಿದ್ದರೆ ಬ್ರಿಟನ್ ಪರದ ಕಡೆ. ಹಸಿರು-ಬಿಳಿ-ಕಿತ್ತಳೆಯಾದರೆ ಐರ್ಲೆಂಡ್ ಪರದ ಕಡೆ. ಕಿವಿಗೂ ಗುರುತು ಉಂಟು. ಇಂಗ್ಲಿಷಿನ ಎಂಟನೆಯ ಅಕ್ಷರವನ್ನು ‘ಹೇಚ್’ ಎಂದರೆ ಕ್ಯಾಥೊಲಿಕ, ‘ಏಚ್’ ಎಂದರೆ ಪ್ರೊಟೆಸ್ಟೆಂಟ್ ಎಂದು ಅಂದಾಜು ಹಾಕುವವರು ಈಗಲೂ ಇದ್ದಾರೆ.

ಫಾಲ್ಸಿನಲ್ಲಿ ಕಪ್ಪು ಟ್ಯಾಕ್ಸಿಗಳು ಓಡುತ್ತವೆ. 1970ರ ದಶಕದಲ್ಲಿ ಗಲಭೆಯವರು ಬಸ್ಸುಗಳನ್ನು ಸುಟ್ಟು, ಬಸ್ಸು ಬರುವುದೇ ನಿಂತಾಗ ಜನರೇ ಲಂಡನ್ನಿನ ಹಳೆಯ ಟ್ಯಾಕ್ಸಿಗಳನ್ನು ತಂದು ಸೀಟಿನ ಲೆಕ್ಕದಲ್ಲಿ ಓಡಿಸತೊಡಗಿದರು. ಇಳಿಯಬೇಕಾದರೆ ಗಾಜಿಗೆ ನಾಣ್ಯದಿಂದ ಟಕಟಕ ಎಂದು ಬಡಿಯುವುದು. ಅದೇ ಟ್ಯಾಕ್ಸಿಗಳಲ್ಲಿ ಕೆಲವು ಈಗ ಪ್ರವಾಸಿಗರನ್ನು ಕೂರಿಸಿಕೊಂಡು ಗೋಡೆಯಿಂದ ಗೋಡೆಗೆ ಓಡುತ್ತವೆ.

ಸೆವಾಸ್ತೊಪೋಲ್ ಸ್ಟ್ರೀಟಿನ ಮೂಲೆಯಲ್ಲಿ ಎಲ್ಲ ಟ್ಯಾಕ್ಸಿಗಳೂ ನಿಲ್ಲುತ್ತವೆ. ಶಿನ್ ಫೇನ್ ಪಕ್ಷದ ಕಚೇರಿಯ ಪಕ್ಕದ ಗೋಡೆ ತುಂಬ ಉದ್ದ ಕೂದಲಿನ ಹುಡುಗನೊಬ್ಬ ನಗುತ್ತಿದ್ದಾನೆ. ಆ ನಗು ಜೈಲಿನಲ್ಲಿ ತೆಗೆದ ಒಂದು ಫೋಟೊದಿಂದ ಬಂದದ್ದು. ಬಾಬಿ ಸ್ಯಾಂಡ್ಸ್. ನಮ್ಮನ್ನು ಕಳ್ಳಕಾಕರಂತೆ ಕಾಣಬೇಡಿ, ರಾಜಕೀಯ ಕೈದಿಗಳೆಂದು ಒಪ್ಪಿಕೊಳ್ಳಿ, ಜೈಲಿನ ಬಟ್ಟೆ ತೊಡುವುದಿಲ್ಲ ಎಂದು 66 ದಿನ ಅನ್ನ ಬಿಟ್ಟು, 1981ರ ಮೇ 5ರಂದು ತೀರಿಕೊಂಡಾಗ ಅವನಿಗೆ 27 ವರ್ಷ. ಉಪವಾಸದ ನಡುವೆಯೇ ಜನ ಅವನನ್ನು ಬ್ರಿಟಿಷ್ ಪಾರ್ಲಿಮೆಂಟಿಗೆ ಆರಿಸಿದ್ದರು. ಆ ಬೇಸಗೆ ಮುಗಿಯುವುದರೊಳಗೆ ಹತ್ತು ಜನ ಹಾಗೇ ಸತ್ತರು. ಉಪವಾಸ ಎಂಬ ಮಾತು ಕೇಳಿದರೆ ನಮಗೆ ಥಟ್ಟನೆ ಯಾರು ನೆನಪಾಗುತ್ತಾರೋ ಅವರ ಅಹಿಂಸೆಗೂ ಇವರಿಗೂ ಸಂಬಂಧವಿಲ್ಲ, ಇವರು ಒಂದೇ ಐರ್ಲೆಂಡಿಗಾಗಿ ಬಂದೂಕು ಹಿಡಿದ ಐಆರ್‌ಎ ಮತ್ತು ಅದರ ಒಡಹುಟ್ಟು ಗುಂಪಿನವರು. ಗೋಡೆಯ ನಗುವಿನಲ್ಲಿ ಬಂದೂಕು ಕಾಣುವುದಿಲ್ಲ.

ಈ ಕಡೆಯಲ್ಲಿ ಗೋಡೆಗಳು ಬಣ್ಣ ಕಂಡದ್ದು ಹೆಚ್ಚಾಗಿ ಆ ವರ್ಷದಿಂದಲೇ. ಅದಕ್ಕೂ ಮುಂಚೆ ಕಾನೂನೇ ಅಡ್ಡವಾಗಿತ್ತು. 1954ರ ಒಂದು ಕಾಯ್ದೆಯ ಪ್ರಕಾರ ಬ್ರಿಟಿಷ್ ಬಾವುಟವನ್ನು ಮುಟ್ಟುವ ಹಾಗಿರಲಿಲ್ಲ, ಬೇರೆ ಯಾವ ಬಾವುಟ ಕಂಡರೂ ಶಾಂತಿಭಂಗವೆಂದು ಪೊಲೀಸರು ಕಿತ್ತುಹಾಕಬಹುದಿತ್ತು. 1980ರಲ್ಲಿ ಗೋಡೆಗೆ ಘೋಷಣೆ ಬರೆಯುತ್ತಿದ್ದ 16 ವರ್ಷದ ಹುಡುಗನೊಬ್ಬನನ್ನು ಪೊಲೀಸನೊಬ್ಬ ಗುಂಡಿಟ್ಟು ಕೊಂದ. ಕೈಯಲ್ಲಿದ್ದ ಬ್ರಷ್ಷು ಪಿಸ್ತೂಲಿನ ಹಾಗೆ ಕಂಡಿತಂತೆ. ಮರುವರ್ಷ ಉಪವಾಸದ ಸಾವುಗಳು ಶುರುವಾದಾಗ ಹುಡುಗರು ಗುಂಪುಗುಂಪಾಗಿ ಬಣ್ಣದ ಡಬ್ಬ ಹಿಡಿದು ಹೊರಟರು. ಆಗ ಒಬ್ಬ ಸಮಾಜಶಾಸ್ತ್ರದ ಮೇಷ್ಟ್ರೂ ಕ್ಯಾಮೆರಾ ಹಿಡಿದು ಹೊರಟರು. ಬಿಲ್ ರೋಲ್ಸ್ಟನ್ ಎಂದು ಹೆಸರು. ಮಾಸಿಹೋದ, ಕೆರೆದುಹಾಕಿದ ಎಷ್ಟೋ ಚಿತ್ರಗಳು ಈಗ ಉಳಿದಿರುವುದು ಅವರ ಪುಸ್ತಕಗಳಲ್ಲೇ. 1970ರ ದಶಕದಿಂದೀಚೆಗೆ ಉತ್ತರ ಐರ್ಲೆಂಡಿನಲ್ಲಿ ದಾಖಲಾದ ಗೋಡೆಚಿತ್ರಗಳು 2,000ದ ಹತ್ತಿರಕ್ಕೆ ಬಂದಿವೆ.

ಸ್ವಲ್ಪ ಕೆಳಗಿಳಿದರೆ ಡಿವಿಸ್ ಸ್ಟ್ರೀಟಿನಲ್ಲಿ ಸಾಲುಗೋಡೆ, ಅದನ್ನು ‘ಅಂತಾರಾಷ್ಟ್ರೀಯ ಗೋಡೆ’ ಎನ್ನುತ್ತಾರೆ. ಮಂಡೇಲಾ, ಪ್ಯಾಲೆಸ್ಟೀನ್, ಗುಲಾಮಗಿರಿಯಿಂದ ಪಾರಾಗಿ ಬಂದು ಈ ಊರಲ್ಲಿ ಭಾಷಣ ಮಾಡಿ ಹೋದ ಫ್ರೆಡರಿಕ್ ಡಗ್ಲಸ್, ಎಲ್ಲರೂ ಇಲ್ಲಿ ಅಕ್ಕಪಕ್ಕದಲ್ಲಿ ನಿಂತದ್ದುಂಟು. ಲೋಕದ ಸುದ್ದಿ ಬದಲಾದಂತೆ ಗೋಡೆಯೂ ಬದಲಾಗುತ್ತದೆ. 2007ರಲ್ಲಿ ಇಲ್ಲಿ ಪಿಕಾಸೊನ ‘ಗೆರ್ನಿಕಾ’ ಬಂದಿತ್ತು. ಬರೆದವರ ಪೈಕಿ ಒಬ್ಬರು ಜೈಲುವಾಸ ಕಂಡ, ಒಂದೇ ಐರ್ಲೆಂಡ್ ಎನ್ನುವ ಬಣದ ಕಲಾವಿದ ಡ್ಯಾನಿ ಡೆವೆನಿ. ಇನ್ನೊಬ್ಬರು ಪ್ರೊಟೆಸ್ಟೆಂಟ್ ಕಡೆಯ ಮಾರ್ಕ್ ಅರ್ವೈನ್. ಅವರ ತಂದೆ ಡೇವಿಡ್ ಅರ್ವೈನ್ ಪ್ರೊಟೆಸ್ಟೆಂಟ್ ಸಶಸ್ತ್ರ ಗುಂಪಿನಲ್ಲಿದ್ದು, ಜೈಲು ಸೇರಿ, ಹೊರಬಂದ ಮೇಲೆ ಶಾಂತಿ ಒಪ್ಪಂದದ ಪರ ನಿಂತವರು. ಇಬ್ಬರೂ ಒಂದೇ ಸಾರವೆಯ ಮೇಲೆ ನಿಂತು ಸ್ಪೇನಿನ ಒಂದು ಊರಿನ ಸಾವನ್ನು ಬರೆದರು. ಸ್ವಂತ ಊರಿನ ಸಾವುಗಳನ್ನು ಒಟ್ಟಿಗೆ ಬರೆಯುವುದು ಅಷ್ಟು ಸುಲಭವಿರಲಿಲ್ಲ.

ಆ ಸಾವುಗಳನ್ನು ಅಲ್ಲಿನವರು ‘ಟ್ರಬಲ್ಸ್’ ಎನ್ನುತ್ತಾರೆ. ಏನೋ ನಲ್ಲಿಯಲ್ಲಿ ನೀರು ಬರುತ್ತಿಲ್ಲ ಅನ್ನುವ ಹಾಗೆ ‘ತೊಂದರೆ’. 1960ರ ದಶಕದ ಕೊನೆಯಿಂದ 1998ರ ಏಪ್ರಿಲ್ 10ರ ಶುಭ ಶುಕ್ರವಾರದ ಶಾಂತಿ ಒಪ್ಪಂದದವರೆಗೆ ಮೂವತ್ತು ವರ್ಷದಲ್ಲಿ ಸತ್ತವರು 3,500ಕ್ಕೂ ಹೆಚ್ಚು. ಉತ್ತರ ಐರ್ಲೆಂಡಿನ ಜನಸಂಖ್ಯೆ ಆಗ ಸುಮಾರು 15 ಲಕ್ಷ.

ಎರಡು ಕಡೆಗಳ ನಡುವೆ ಎದ್ದಿರುವ ಗೋಡೆಯ ಉಕ್ಕಿನ ಗೇಟು ತೆರೆದಿದೆ, ದಾಟೋಣ. ಲಾನಾರ್ಕ್ ವೇ ಎಂಬ ರಸ್ತೆ. ಹಗಲು ವಾಹನ ಓಡಾಡುತ್ತವೆ, ರಾತ್ರಿ ಬೀಗ. ದಾಟಿ ಶಾಂಕಿಲ್‌ಗೆ ಬಂದರೆ ಅದೇ ಇಟ್ಟಿಗೆ, ಅದೇ ಮಳೆ, ಅದೇ ವಿನೆಗರ್ ವಾಸನೆ. ಇಲ್ಲೊಂದು ಬೀದಿಯ ಹೆಸರು ಕ್ರೈಮಿಯಾ ಸ್ಟ್ರೀಟ್. ಈಗಷ್ಟೇ ಸೆವಾಸ್ತೊಪೋಲ್ ಸ್ಟ್ರೀಟಿನಿಂದ ಬಂದೆವಲ್ಲ! ಎರಡೂ 1850ರ ದಶಕದ ಒಂದೇ ಯುದ್ಧದಿಂದ ಬಂದ ಹೆಸರುಗಳು. ಆ ಯುದ್ಧಕ್ಕೆ ಸಿಪಾಯಿಗಳು ಎರಡೂ ಬೀದಿಗಳಂಥ ಬೀದಿಗಳಿಂದ ಹೋಗಿದ್ದರು. ಸೆವಾಸ್ತೊಪೋಲ್ ಮೂಲೆಯಲ್ಲಿ ಬಾಬಿ ಸ್ಯಾಂಡ್ಸ್ ನಕ್ಕರೆ ಕ್ರೈಮಿಯಾ ಮೂಲೆಯಲ್ಲಿ ಎರಡನೆಯ ಎಲಿಜಬೆತ್ ರಾಣಿ ನಗುತ್ತಾರೆ. 2022ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡಾಗ ಜನ ಹೂವಿನ ಗೊಂಚಲುಗಳನ್ನು ತಂದು ಈ ಗೋಡೆಯ ಬುಡದಲ್ಲಿ ಇಟ್ಟರು.

ಈ ಕಡೆಯ ಗೋಡೆಗಳ ರೂಢಿ ಹಳೆಯದು, 20ನೇ ಶತಮಾನದ ಮೊದಲ ದಶಕಕ್ಕೆ ಹೋಗುತ್ತದೆ. ಜುಲೈ 12ರ ಮೆರವಣಿಗೆ ಹತ್ತಿರ ಬಂತೆಂದರೆ ಮನೆಗೆ ಸುಣ್ಣ ಬಳಿದ ಹಾಗೆ ಗೋಡೆಗೆ ಬಿಳಿ ಕುದುರೆ ಏರಿದ ವಿಲಿಯಂ ರಾಜನನ್ನು ಬರೆಯುವುದು. 1690ರಲ್ಲಿ ಬಾಯ್ನ್ ನದಿಯ ದಡದಲ್ಲಿ ಕ್ಯಾಥೊಲಿಕ್ ರಾಜ ಜೇಮ್ಸನನ್ನು ಸೋಲಿಸಿದವನು ಆತ, ಇಲ್ಲಿನವರ ಬಾಯಲ್ಲಿ ‘ಕಿಂಗ್ ಬಿಲ್ಲಿ’. ಹಾಗೆ ಬರೆಯುತ್ತಿದ್ದ ಹಡಗುಕಟ್ಟೆಯ ಕೆಲಸಗಾರರಿಗೆ ಬಣ್ಣ ಹೊಸದಲ್ಲ, ಏಣಿಯೂ ಹೊಸದಲ್ಲ. ಇನ್ನೊಂದು ಗೋಡೆಯಲ್ಲಿ 1916ರ ಜುಲೈ 1ರಂದು ಫ್ರಾನ್ಸಿನ ಸೋಮ್ ಕಣಿವೆಯಲ್ಲಿ ಕಂದಕ ಬಿಟ್ಟು ಮೇಲೆದ್ದ 36ನೇ ಅಲ್ಸ್ಟರ್ ಡಿವಿಷನ್ನಿನ ಸೈನಿಕರು, ಸುತ್ತ ಕೆಂಪು ಪಾಪಿ ಹೂಗಳು. ಅದೇ ವರ್ಷದ ಏಪ್ರಿಲ್‌ನಲ್ಲಿ ಡಬ್ಲಿನ್ನಿನಲ್ಲಿ ಬ್ರಿಟಿಷರ ವಿರುದ್ಧ ದಂಗೆ ಎದ್ದವರಿಗೆ ಫಾಲ್ಸಿನ ಗೋಡೆಗಳಲ್ಲಿ ಬಿಳಿ ಲಿಲ್ಲಿ ಹೂ. 1916 ಎಂಬ ನಾಲ್ಕಂಕಿ ಎರಡೂ ಕಡೆ ಇದೆ, ಹೂ ಮಾತ್ರ ಬೇರೆ.

ಹೂವಿಗಿಂತ ವಿಚಿತ್ರವಾದದ್ದನ್ನು ನೋಡಬೇಕಾದರೆ ನದಿ ದಾಟಿ ಪೂರ್ವಕ್ಕೆ, ನ್ಯೂಟೌನಾರ್ಡ್ಸ್ ರೋಡಿಗೆ ಹೋಗಬೇಕು. ಅಲ್ಲಿ ಪ್ರೊಟೆಸ್ಟೆಂಟ್ ಬಂದೂಕುಧಾರಿಗಳ ಸಾಲುಚಿತ್ರದ ನಡುವೆ ಪುರಾಣದ ವೀರ ಕೂ ಹುಲಿನ್ ಬಂದಿದ್ದ. ಗಾಯಗೊಂಡು, ಬೀಳಬಾರದೆಂದು ತನ್ನನ್ನೇ ಒಂದು ಕಲ್ಲುಗಂಬಕ್ಕೆ ಕಟ್ಟಿಕೊಂಡು ನಿಂತೇ ಸತ್ತವನು. ಹೆಗಲ ಮೇಲೆ ಕಪ್ಪು ಹಕ್ಕಿ ಬಂದು ಕೂತ ಮೇಲಷ್ಟೇ ಶತ್ರುಗಳಿಗೆ ಅವನು ಸತ್ತದ್ದು ಖಾತ್ರಿಯಾಯಿತು. ಅಲ್ಸ್ಟರ್ ಪ್ರಾಂತ್ಯವನ್ನು ಉಳಿದ ಐರ್ಲೆಂಡಿನ ದಂಡಿನಿಂದ ಕಾಪಾಡಿದವನೆಂದು ಇವರು ಅವನನ್ನು ಬರೆದರು. ಅದೇ ವೀರನ ಅದೇ ಭಂಗಿಯ ಕಂಚಿನ ಮೂರ್ತಿ ಡಬ್ಲಿನ್ನಿನ ದೊಡ್ಡ ಅಂಚೆ ಕಚೇರಿಯಲ್ಲಿ 1916ರ ದಂಗೆಯ ಸ್ಮಾರಕವಾಗಿ ನಿಂತಿದೆ. ದಾಯಾದಿಗಳು ಒಬ್ಬನೇ ಅಜ್ಜನಿಗೆ ಬೇರೆ ಬೇರೆ ಮನೆಯಲ್ಲಿ ತಿಥಿ ಮಾಡಿದ ಹಾಗೆ.

ಗೋಡೆಗಳ ಮೇಲಿನ ಮುಸುಕುಧಾರಿ ಬಂದೂಕಿನವರನ್ನು ಅಳಿಸಬೇಕೆಂಬ ಪ್ರಯತ್ನವೂ ನಡೆದಿದೆ. ಲೋಯರ್ ಶಾಂಕಿಲ್ ಬಡಾವಣೆಯಲ್ಲಿ ಬಂದೂಕಿನ ನಳಿಗೆ ನೋಡುವವನ ಕಡೆಗೇ ತಿರುಗಿದ್ದ ಒಂದು ಚಿತ್ರವಿತ್ತು. ಎಲ್ಲಿ ನಿಂತರೂ ನಮ್ಮನ್ನೇ ಗುರಿ ಇಟ್ಟ ಹಾಗೆ ಕಾಣುತ್ತದೆಂದು ಅದಕ್ಕೆ ‘ಮೊನಾಲಿಸಾ’ ಎಂದು ಅಡ್ಡಹೆಸರು. 2006ರಲ್ಲಿ ಕಲಾ ಮಂಡಳಿ 33 ಲಕ್ಷ ಪೌಂಡಿನ ಯೋಜನೆ ತಂದು, ಬಂದೂಕಿನ ಜಾಗದಲ್ಲಿ ಬೇರೆ ಏನಾದರೂ ಬರೆಯಿರಿ ಎಂದು ಬೀದಿಗಳನ್ನು ಕೇಳಿತು. ಈಗ ಆ ಬಡಾವಣೆಯಲ್ಲಿ ‘ಗೋಲ್ಡ್ ರಶ್’ ಎಂಬ ಚಿತ್ರವಿದೆ. 1969ರ ಜುಲೈಯಲ್ಲಿ ಕೆಡವಿದ ಮನೆಯ ಅವಶೇಷದಲ್ಲಿ ಹುಡುಗರಿಗೆ ಚಿನ್ನದ ನಾಣ್ಯಗಳು ಸಿಕ್ಕಿ, ಬೀದಿಗೆ ಬೀದಿಯೇ ಮಣ್ಣು ಕೆದಕಲು ಓಡಿ ಬಂದ ಕಥೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದು. ಆ ಹುಡುಗರಿಗೆ ಇನ್ನು ಒಂದು ತಿಂಗಳಲ್ಲಿ ಏನಾಗಲಿದೆಯೆಂದು ಗೊತ್ತಿರಲಿಲ್ಲ.

ಶಾಂಕಿಲ್ ರೋಡಿನಲ್ಲೇ ಒಂದು ಮೀನಂಗಡಿಯಿತ್ತು. 1993ರ ಅಕ್ಟೋಬರ್ 23ರ ಶನಿವಾರ ಐಆರ್‌ಎ ತಂದ ಬಾಂಬು ಅವಧಿಗೆ ಮುಂಚೆಯೇ ಸಿಡಿದು ಹತ್ತು ಜನ ಸತ್ತರು, ಬಾಂಬು ತಂದವರಲ್ಲಿ ಒಬ್ಬನೂ ಸೇರಿ. ಆ ಜಾಗದಲ್ಲಿ ಸ್ಮಾರಕವಿದೆ. ಊರಿನ ಉತ್ತರಕ್ಕೆ, ಮೇಲುಸೇತುವೆಯ ನೆರಳಿನಲ್ಲಿ, ಮೆಕ್‌ಗರ್ಕ್ ಎಂಬ ಪಬ್ಬಿನ ಸ್ಮಾರಕ. 1971ರ ಡಿಸೆಂಬರಿನಲ್ಲಿ ಪ್ರೊಟೆಸ್ಟೆಂಟ್ ಗುಂಪು ಇಟ್ಟ ಬಾಂಬಿಗೆ ಅಲ್ಲಿ 15 ಜನ ಸತ್ತರು. ಒಳಗಿದ್ದ ಐಆರ್‌ಎಯವರ ಬಾಂಬೇ ಸಿಡಿದದ್ದು ಎಂಬ ಕಥೆಯನ್ನು ಅಧಿಕಾರಿಗಳು ಹರಡಿದ್ದರಿಂದ ಸತ್ತವರ ಮನೆಯವರು ದಶಕಗಳ ಕಾಲ ಆ ಕಳಂಕ ತೊಳೆಯಲು ಅಲೆದರು. ಈ ಎರಡು ಸ್ಮಾರಕಗಳ ಮುಂದೆ ನಿಂತಾಗ ಚಿತ್ರದ ಬಣ್ಣ, ಗೆರೆ ಯಾವುದರ ಬಗ್ಗೆಯೂ ಮಾತಾಡಬೇಕೆನ್ನಿಸುವುದಿಲ್ಲ.

ಇಷ್ಟು ಸುತ್ತಿದ ಮೇಲೆ ಒಂದು ಸಂಗತಿ ಹೊಳೆಯುತ್ತದೆ. ಈ ಚಿತ್ರಗಳೆಲ್ಲ ಎದುರಾಳಿಗೆ ಹಾಕಿದ ಸವಾಲು ಎಂದು ದೂರದಿಂದ ಅನ್ನಿಸುತ್ತದೆ. ಆದರೆ ಎದುರಾಳಿ ಇವನ್ನು ನೋಡುವುದೇ ಅಪರೂಪ. ಫಾಲ್ಸಿನ ಅಮ್ಮ ಸಾಮಾನು ತರಲು ಶಾಂಕಿಲ್‌ಗೆ ಹೋಗುವುದಿಲ್ಲ, ಶಾಂಕಿಲ್ಲಿನ ಹುಡುಗ ಸೆವಾಸ್ತೊಪೋಲ್ ಮೂಲೆಯಲ್ಲಿ ಸುಮ್ಮನೆ ನಿಂತುಕೊಳ್ಳುವುದಿಲ್ಲ. ಚಿತ್ರದ ಮುಖವಿರುವುದು ತನ್ನ ಬೀದಿಯ ಒಳಕ್ಕೆ, ತನ್ನವರ ಕಡೆಗೆ: ನಿಮ್ಮವರು ಯಾರೆಂದು ಮರೆಯಬೇಡಿ ಎಂದು ದಿನಾ ಶಾಲೆಗೆ ಹೋಗುವ ಮಕ್ಕಳಿಗೆ ಹೇಳುತ್ತಿರುತ್ತದೆ. ಆ ಶಾಲೆಗಳೂ ಬೇರೆ ಬೇರೆ. ಎರಡೂ ಕಡೆಯ ಮಕ್ಕಳು ಕೂಡಿ ಕಲಿಯಲೆಂದೇ ತೆರೆದ ಶಾಲೆಗಳಿಗೆ ಹೋಗುವವರು ನೂರರಲ್ಲಿ ಹತ್ತು ಮಂದಿಯೂ ಇಲ್ಲ. ಎರಡೂ ಕಡೆಯ ಗೋಡೆಗಳನ್ನು ಒಂದೇ ಮಧ್ಯಾಹ್ನದಲ್ಲಿ ನೋಡಿ ಮುಗಿಸುವವರು ನಮ್ಮಂಥ ಹೊರಗಿನವರು.

ಪೇಟೆಯ ನಡುವೆ, ಕೆಥೆಡ್ರಲ್ ಸುತ್ತಿನ ಓಣಿಗಳಲ್ಲಿ, ಯಾರದೂ ಅಲ್ಲದ ಹೊಸ ಚಿತ್ರಗಳು ಎದ್ದಿವೆ. ಫ್ರಾನ್ಸಿನ ಎಂಟಿಓ ಎಂಬ ಕಲಾವಿದ 2014ರಲ್ಲಿ ಬರೆದ ಹುಡುಗನ ಕೈಯಲ್ಲಿ ಒಂದು ಬಿಳಿ ಪಾರಿವಾಳ, ಅದಕ್ಕೆ ಎರಡು ಬಾಣ ನಾಟಿವೆ, ಒಂದೊಂದರ ಮೇಲೆ ಒಂದೊಂದು ಕಡೆಯ ಗುರುತು. ಚೆನ್ನಾಗಿದೆ. ಪಕ್ಕದಲ್ಲೇ ಕಾಫಿ ಅಂಗಡಿ ಇದೆ. ಆದರೆ ಇಲ್ಲಿ ಯಾರೂ ನಿಂತು ಮೂಗು ಹೀಗಿರಲಿಲ್ಲ ಎಂದು ತಕರಾರು ತೆಗೆಯುವುದನ್ನು ಕಾಣಲಾರೆವು.

ಈ ನಾಡಿನ ಲೆಕ್ಕಾಚಾರ ಬದಲಾಗಿದೆ. 2021ರ ಜನಗಣತಿಯಲ್ಲಿ ಉತ್ತರ ಐರ್ಲೆಂಡಿನ ಇತಿಹಾಸದಲ್ಲೇ ಮೊದಲ ಸಲ ಕ್ಯಾಥೊಲಿಕ್ ಹಿನ್ನೆಲೆಯವರು ಪ್ರೊಟೆಸ್ಟೆಂಟರಿಗಿಂತ ಹೆಚ್ಚಾದರು. ಈಗ ಮೂರನೆಯವರೂ ಇದ್ದಾರೆ. ಫಾಲ್ಸ್ ರೋಡಿನ ರಾಯಲ್ ವಿಕ್ಟೋರಿಯಾದಂಥ ಆಸ್ಪತ್ರೆಗಳಲ್ಲಿ ನಮ್ಮ ದೇಶದ, ಅದರಲ್ಲೂ ಕೇರಳದ ದಾದಿಯರು ಪಾಳಿ ಮುಗಿಸಿ ಬಸ್ಸು ಕಾಯುತ್ತಿರುತ್ತಾರೆ. 2024ರ ಆಗಸ್ಟಿನಲ್ಲಿ ವಲಸಿಗರ ವಿರುದ್ಧ ನಡೆದ ಮೆರವಣಿಗೆಯಲ್ಲಿ ಐರಿಶ್ ತ್ರಿವರ್ಣವೂ ಬ್ರಿಟಿಷ್ ಬಾವುಟವೂ ಅಕ್ಕಪಕ್ಕದಲ್ಲಿ ಹಾರಿದವು. ಹೊರಗಿನಿಂದ ಬಂದವರ ಅಂಗಡಿಗಳಿಗೆ ಬೆಂಕಿ ಬಿತ್ತು. ಆ ಎರಡು ಬಾವುಟಗಳನ್ನು ಒಟ್ಟಿಗೆ ಕಾಣಬೇಕೆಂದು ಎಷ್ಟೋ ಜನ ಹಂಬಲಿಸಿದ್ದರು, ಹೀಗಲ್ಲ.

ಕೊನೆಗೆ ಕ್ಯೂಪರ್ ವೇಗೆ ಹೋಗೋಣ. ಟ್ಯಾಕ್ಸಿಯವನೂ ಕೊನೆಗೆ ಅಲ್ಲಿಗೇ ಕರೆದೊಯ್ಯುತ್ತಾನೆ. ಶಾಂತಿ ಗೋಡೆ. ಕೆಳಗೆ ಕಾಂಕ್ರೀಟು, ಅದರ ಮೇಲೆ ತಗಡು, ಅದರ ಮೇಲೆ ಬಲೆ, ಒಂದರ ಮೇಲೊಂದು ಕಾಲಕಾಲಕ್ಕೆ ಸೇರುತ್ತ ಕೆಲವೆಡೆ 40 ಅಡಿಗೂ ಎತ್ತರ ಬೆಳೆದಿದೆ. ಮೈತುಂಬ ಸಾವಿರಾರು ಸಹಿ, ಹಾರೈಕೆ, ಹೃದಯದ ಚಿತ್ರ. ಟ್ಯಾಕ್ಸಿಯವನು ಜೇಬಿನಿಂದ ಮಾರ್ಕರ್ ಪೆನ್ನು ತೆಗೆದು ಕೊಡುತ್ತಾನೆ. ಪ್ರವಾಸಿಗರು ‘ಶಾಂತಿ’ ಎಂದು ಬರೆದು ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅದು ಶಾಂಕಿಲ್ ಬದಿ.

ಗೋಡೆಯ ಇನ್ನೊಂದು ಬದಿಯಲ್ಲಿರುವ ಬೀದಿಯ ಹೆಸರು ಬಾಂಬೆ ಸ್ಟ್ರೀಟ್. ಅಲ್ಲೇ ಪಕ್ಕದಲ್ಲಿ ಕಾಶ್ಮೀರ್ ರೋಡ್, ಕಾನ್‌ಪುರ್ ಸ್ಟ್ರೀಟ್. ಸಾಮ್ರಾಜ್ಯ ಉಬ್ಬಿ ನಿಂತಿದ್ದ ಕಾಲದ ಹೆಸರುಗಳು, ಗಿರಣಿ ಕೂಲಿಗಳ ಮನೆಗಳಿಗೆ. 1969ರ ಆಗಸ್ಟ್ 15ರಂದು, ನಮ್ಮ ಶಾಲೆಗಳಲ್ಲಿ ಬಾವುಟ ಏರಿಸಿ ಪೆಪ್ಪರಮಿಂಟು ಹಂಚಿದ ದಿನ, ಬಾಂಬೆ ಸ್ಟ್ರೀಟಿನ ಮನೆಗಳು ಸಾಲಿಗೆ ಸಾಲೇ ಸುಟ್ಟುಹೋದವು. ಆ ಬೇಸಗೆಯಲ್ಲಿ ಎರಡೂ ಕಡೆ ಸೇರಿ 1,800ಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಟ್ಟವು, ಹೆಚ್ಚಿನವು ಕ್ಯಾಥೊಲಿಕರವು. ಸೆಪ್ಟೆಂಬರಿನಲ್ಲಿ ಬ್ರಿಟಿಷ್ ಸೈನ್ಯ ನಡುವೆ ಮುಳ್ಳುತಂತಿ ಎಳೆಯಿತು. ಇದು ತೀರಾ ತಾತ್ಕಾಲಿಕ, ಬರ್ಲಿನ್ ಗೋಡೆಯಂಥದ್ದು ಇಲ್ಲಿ ಬರುವುದಿಲ್ಲ ಎಂದು ಜನರಲ್ ಫ್ರೀಲ್ಯಾಂಡ್ ಮಾತು ಕೊಟ್ಟ. ಬರ್ಲಿನ್ನಿನ ಗೋಡೆ 28 ವರ್ಷಕ್ಕೆ ಬಿತ್ತು. ಈ ‘ತಾತ್ಕಾಲಿಕ’ಕ್ಕೆ ಅದರ ಹೆಚ್ಚುಕಡಿಮೆ ಎರಡರಷ್ಟು ವಯಸ್ಸಾಗಿದೆ. 2023ರೊಳಗೆ ಎಲ್ಲ ಶಾಂತಿ ಗೋಡೆಗಳನ್ನೂ ತೆಗೆಯುತ್ತೇವೆಂದು 2013ರಲ್ಲಿ ಅಲ್ಲಿನ ಸರ್ಕಾರ ಹೇಳಿತ್ತು. ಆ ಗಡುವೂ ಕಳೆಯಿತು.

ಬಾಂಬೆ ಸ್ಟ್ರೀಟಿನಲ್ಲಿ ಸುಟ್ಟ ಮನೆಗಳನ್ನು ಮತ್ತೆ ಕಟ್ಟಿದ್ದಾರೆ. ಪಕ್ಕದಲ್ಲೇ ಸತ್ತವರ ಹೆಸರು ಕೆತ್ತಿದ ಸ್ಮಾರಕದ ತೋಟ. ಓಣಿಯಾಚೆ ಕ್ಲೊನಾರ್ಡ್ ಮಠದ ಗೋಪುರ ಕಾಣುತ್ತದೆ; ಎರಡೂ ಕಡೆಯವರನ್ನು ಮಾತಿಗೆ ತರಲು ಫಾದರ್ ಅಲೆಕ್ ರೀಡ್ ಗುಟ್ಟಾಗಿ ಓಡಾಡಿದ ಮಠ ಅದು. ಮನೆಗಳ ಹಿತ್ತಲು ಮುಗಿಯುವಲ್ಲೇ ಗೋಡೆ ಏಳುತ್ತದೆ. ಆಚೆಯಿಂದ ಕಲ್ಲು, ಬಾಟಲಿ ಬೀಳಬಾರದೆಂದು ಹಿತ್ತಲುಗಳ ಮೇಲೆ ಕಬ್ಬಿಣದ ಬಲೆಯ ಪಂಜರ ಕಟ್ಟಿದ್ದಾರೆ. ಅದರ ಕೆಳಗೆ ಹೂಕುಂಡ, ಮಕ್ಕಳ ಸೈಕಲ್ಲು, ಒಣಹಾಕಿದ ಬಟ್ಟೆ. ಈ ಬದಿಯ ಗೋಡೆಯ ಮೇಲೆ ಸಹಿಗಳಿಲ್ಲ.

ನೀವು ಹೋದಾಗ ಟ್ಯಾಕ್ಸಿಯವನು ಪೆನ್ನು ಚಾಚಿದರೆ ಒಂದು ನಿಮಿಷ ತಡೆಯಲು ಹೇಳಿ. ಗೇಟಿಗೆ ಬೀಗ ಬೀಳುವ ಮುಂಚೆ ಬಾಂಬೆ ಸ್ಟ್ರೀಟಿಗೆ ಹೋಗಿ ಆ ಹಿತ್ತಲುಗಳನ್ನು ನೋಡಿಕೊಂಡು ಬನ್ನಿ. ಬರೆಯುವುದಿದ್ದರೆ ಆಮೇಲೆ ಬರೆಯಿರಿ.